ಒಂದೇ ಆಲೆಮನೆಯ ಲೆಕ್ಕ, ಮೂರು ಆ್ಯಪ್: ಕಾಟ್ಲಿನ್, ಫ್ಲಟರ್ ಮತ್ತು ವೆಬ್

ಪಾಂಡವಪುರದ ಕಡೆ ನಮ್ಮ ಭಾವನವರ ಆಲೆಮನೆಯಿದೆ. ಕಬ್ಬು ತಂದ ರೈತರ ಹೆಸರು, ಗಾಡಿಯ ತೂಕ, ಕೊಟ್ಟ ಮುಂಗಡ, ಉಳಿದ ಬಾಕಿ, ಇಷ್ಟನ್ನೂ ಅವರು ವರ್ಷಗಳಿಂದ ಉದ್ದನೆಯ ನೋಟ್ ಪುಸ್ತಕದಲ್ಲಿ ಬರೆಯುತ್ತ ಬಂದಿದ್ದರು. ಬೆಲ್ಲದ ಪಾಕ ಅಂಟಿ ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡ ಮೇಲೆ, ಇದನ್ನೆಲ್ಲ ಫೋನಿಗೆ ತರಲಾದೀತೇ ಎಂದು ನನ್ನನ್ನು ಕೇಳಿದರು. ಕೆಲಸ ಚಿಕ್ಕದು: ರೈತರ ಪಟ್ಟಿ, ತೂಕ ಬರೆಯುವ ಪರದೆ, ಚೀಟಿ ಮುದ್ರಿಸುವ ಗುಂಡಿ. ಚಿಕ್ಕದಾದ್ದರಿಂದಲೇ ಇದನ್ನು ಮೂರು ದಾರಿಗಳಲ್ಲಿ ಮೂರು ಸಲ ಬರೆದು, ಮೂರನ್ನೂ ಅಲ್ಲಿಯ ಗೇಟಿನ ಬಳಿಯ ಒಂದೇ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ಓಡಿಸಿ ನೋಡಿದೆ.

ಮೊದಲನೆಯದು ಫ್ಲಟರ್, ಅಂದರೆ ಒಂದೇ ಕೋಡಿನಿಂದ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಲಕರಣೆ; ಅದರ ಭಾಷೆ ಡಾರ್ಟ್, ಮೊದಲ ಸ್ಥಿರ ಆವೃತ್ತಿ 2018ರ ಡಿಸೆಂಬರಿನದು. ಎರಡನೆಯದು ಕಾಟ್ಲಿನ್ ಭಾಷೆ ಮತ್ತು ಅದರಲ್ಲಿ ಆಂಡ್ರಾಯ್ಡ್ ಪರದೆಗಳನ್ನು ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್. ಗೂಗಲ್ 2017ರಲ್ಲಿ ಕಾಟ್ಲಿನ್‌ಗೆ ಆಂಡ್ರಾಯ್ಡ್‌ನಲ್ಲಿ ಅಧಿಕೃತ ಮನ್ನಣೆ ಕೊಟ್ಟಿತು, ಕಂಪೋಸ್ 1.0 ಬಂದದ್ದು 2021ರಲ್ಲಿ. ಮೂರನೆಯದು ಬ್ರೌಸರಿನಲ್ಲೇ ಓಡುವ, ಪುಟದ ಕಡತಗಳನ್ನು ಫೋನಿನಲ್ಲೇ ಉಳಿಸಿಡುವ ಸರ್ವಿಸ್ ವರ್ಕರ್ ಎಂಬ ಹಿನ್ನೆಲೆ ಕೋಡಿನ ನೆರವಿನಿಂದ ನೆಟ್‌ವರ್ಕ್ ಇಲ್ಲದಾಗಲೂ ತೆರೆದುಕೊಳ್ಳುವ ವೆಬ್ ಆ್ಯಪ್. ಪರದೆ ಕಟ್ಟುವ ಬಗೆಯಲ್ಲಿ ಫ್ಲಟರ್ ಮತ್ತು ಕಂಪೋಸ್ ಅಣ್ಣತಮ್ಮಂದಿರಂತಿವೆ: ನಾವು ಗುಂಡಿ, ಪಟ್ಟಿಗಳನ್ನು ಒಂದೊಂದಾಗಿ ತಿದ್ದುವುದಿಲ್ಲ, ಈಗಿನ ಬಾಕಿ ಇಷ್ಟು, ಇಂತಹ ಬಾಕಿಗೆ ಪರದೆ ಹೀಗಿರಬೇಕು ಎಂದು ಬರೆದಿಡುತ್ತೇವೆ, ಬಾಕಿ ಬದಲಾದಾಗ ಆ ಭಾಗ ಮಾತ್ರ ತಾನೇ ಹೊಸದಾಗಿ ಮೂಡುತ್ತದೆ. ಈ ಕೆಲಸದಲ್ಲಿ ಫ್ಲಟರ್ ಚುರುಕು. ಕೋಡ್ ಉಳಿಸಿದ ತಕ್ಷಣ ಓಡುತ್ತಿರುವ ಆ್ಯಪಿನಲ್ಲೇ ಬದಲಾವಣೆ ಕಾಣುವುದರಿಂದ ನಾಲ್ಕು ದಿನದಲ್ಲಿ ಎಲ್ಲ ಪರದೆಗಳೂ ಮುಗಿದವು. ಕಾಟ್ಲಿನ್‌ನಲ್ಲಿ ಅಷ್ಟಕ್ಕೇ ಎರಡು ವಾರ ಹಿಡಿಯಿತು, ಅದರಲ್ಲಿ ಅರ್ಧ ನನ್ನ ಅನನುಭವದ ಪಾಲು.

ಆದರೆ ಆಲೆಮನೆಯಲ್ಲಿ ಆ್ಯಪನ್ನು ಯಾರೂ ಒಂದೇ ಉಸಿರಿನಲ್ಲಿ ಬಳಸುವುದಿಲ್ಲ. ಭಾವ ಒಂದು ಗಾಡಿಯ ತೂಕ ಅರ್ಧ ಬರೆದಿದ್ದಾಗ ಮಂಡಿಯಿಂದ ಫೋನ್ ಬಂತು. ಮಾತು ಮುಗಿಸಿ, ಅಚ್ಚು ಬೆಲ್ಲದ ನಾಲ್ಕು ಫೋಟೋ ತೆಗೆದು ಕಳಿಸಿ, ಮತ್ತೆ ಆ್ಯಪಿಗೆ ಬಂದರೆ ತೂಕದ ಪರದೆ ಖಾಲಿ. "ಏನಪ್ಪಾ, ನಾ ಬರ್ದಿದ್ ತೂಕ ಎಲ್ಲೋಯ್ತು?" ಎಂದು ಕೇಳಿದರು. ನಡೆದದ್ದು ಇಷ್ಟೇ: ಕ್ಯಾಮೆರಾಗೆ ಮೆಮೊರಿ ಸಾಲದೆ ಆಂಡ್ರಾಯ್ಡ್ ಹಿನ್ನೆಲೆಯಲ್ಲಿದ್ದ ನಮ್ಮ ಆ್ಯಪಿನ ಪ್ರಾಸೆಸ್ಸನ್ನೇ, ಅಂದರೆ ಮೆಮೊರಿಯಲ್ಲಿ ಓಡುತ್ತಿದ್ದ ಆ್ಯಪನ್ನೇ, ಕೊಂದಿತ್ತು. ಮೊಬೈಲ್ ಪ್ರೋಗ್ರಾಮಿಂಗ್ ಕಲಿಯುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಆ್ಯಪ್ ಹುಟ್ಟುವ, ಹಿನ್ನೆಲೆಗೆ ಸರಿಯುವ, ಸಾಯುವ ಈ ಜೀವನಚಕ್ರವನ್ನು, ಬಣ್ಣ ಬೆಡಗುಗಳನ್ನಲ್ಲ ಎಂಬ ನನ್ನ ಅಭಿಪ್ರಾಯ ಹುಟ್ಟಿದ್ದು ಆ ಸಂಜೆ.

ಇದರಲ್ಲಿ ಮೂರೂ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಫ್ಲಟರ್‌ನಲ್ಲಿ ಫೋನನ್ನು ಅಡ್ಡ ತಿರುಗಿಸಿದರೆ ಬರೆದದ್ದು ಹಾಗೇ ಇರುತ್ತದೆ, ಹಾಗಾಗಿ ಎಲ್ಲ ಸುರಕ್ಷಿತ ಎಂಬ ಸುಳ್ಳು ಧೈರ್ಯ ಬರುತ್ತದೆ. ಪ್ರಾಸೆಸ್ ಸತ್ತಾಗ ಉಳಿಯಬೇಕಾದರೆ ಮರುಸ್ಥಾಪನೆಯ ಸೌಲಭ್ಯವನ್ನು ನಾವೇ ಪ್ರತಿ ಪರದೆಗೂ ಜೋಡಿಸಬೇಕು. ಕಾಟ್ಲಿನ್ ದಾರಿಯಲ್ಲಿ ತಿರುಗಿಸಿದ ಕೂಡಲೇ ಆಕ್ಟಿವಿಟಿ, ಅಂದರೆ ಆ್ಯಪಿನ ಪರದೆಯನ್ನು ಹೊತ್ತ ಭಾಗ, ನಾಶವಾಗಿ ಮತ್ತೆ ಹುಟ್ಟುತ್ತದೆ, ಕಂಪೋಸ್‌ನ ಬರಿಯ 'ರಿಮೆಂಬರ್' ಆದೇಶದಿಂದ ನೆನಪಿಟ್ಟದ್ದು ಕಣ್ಣೆದುರೇ ಅಳಿಸಿಹೋಗುತ್ತದೆ. ಇದು ಕಿರಿಕಿರಿಯೇ, ಆದರೆ ತಪ್ಪು ಮೊದಲ ದಿನವೇ ಗೊತ್ತಾಗುತ್ತದೆ. ಪರದೆಯ ಮಾಹಿತಿಯನ್ನು ಪರದೆಯಿಂದ ಬೇರೆಯಾಗಿ ಹಿಡಿದಿಡುವ ವ್ಯೂಮಾಡೆಲ್‌ನಲ್ಲಿಟ್ಟರೆ ತಿರುಗಿಸುವಿಕೆಯನ್ನು ದಾಟುತ್ತದೆ, ಪ್ರಾಸೆಸ್ ಸಾವನ್ನು ದಾಟುವುದಿಲ್ಲ; 'ರಿಮೆಂಬರ್ ಸೇವಬಲ್' ಎರಡನ್ನೂ ದಾಟುತ್ತದೆ, ಆದರೆ ಬಳಕೆದಾರರೇ ಆ್ಯಪನ್ನು ಇತ್ತೀಚಿನ ಪಟ್ಟಿಯಿಂದ ತಳ್ಳಿದರೆ ಅದೂ ಹೋಗುತ್ತದೆ. ಕೊನೆಗೆ ನಾನು ಮಾಡಿದ್ದು, ಪ್ರತಿ ಖಾನೆ ತುಂಬಿದಾಗಲೂ ಕರಡು ಸಾಲೊಂದನ್ನು ರೂಮ್ ಎಂಬ ಲೈಬ್ರರಿಯ ಮೂಲಕ ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಬರೆದುಬಿಡುವುದು. ಡೆವಲಪರ್ ಆಯ್ಕೆಗಳಲ್ಲಿ ಆಕ್ಟಿವಿಟಿಗಳನ್ನು ಉಳಿಸದಂತೆ ಮಾಡುವ ಗುಂಡಿಯೊಂದಿದೆ. ಅದನ್ನು ಒತ್ತಿಟ್ಟು ಒಂದು ದಿನ ಕೆಲಸ ಮಾಡಿದರೆ ತಿರುಗಿಸುವಾಗಿನಂತಹ ಮರೆವುಗಳೆಲ್ಲ ಹೊರಬೀಳುತ್ತವೆ, ಪ್ರಾಸೆಸ್ಸನ್ನೇ ಕೊಂದು ನೋಡುವ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕು. ವೆಬ್ ಆ್ಯಪ್ ಹಿನ್ನೆಲೆಗೆ ಸರಿದರೆ ಬ್ರೌಸರ್ ಪುಟವನ್ನು ಯಾವಾಗ ಬೇಕಾದರೂ ಬಿಸಾಡಬಹುದಾದ್ದರಿಂದ ಅಲ್ಲಿಯೂ ಮದ್ದು ಅದೇ, ಕರಡನ್ನು ಬ್ರೌಸರಿನೊಳಗಿನ ಡೇಟಾಬೇಸಾದ ಇಂಡೆಕ್ಸ್ಡ್ ಡಿಬಿಗೆ ಆಗಾಗ ಬರೆಯುವುದು.

ಮುದ್ರಣದಲ್ಲಿ ಅಂತರ ಇನ್ನೂ ದೊಡ್ಡದು. ನಮ್ಮದು 58 ಮಿಲಿಮೀಟರಿನ ಬ್ಲೂಟೂತ್ ಥರ್ಮಲ್ ಪ್ರಿಂಟರ್. ಅದರೊಳಗೆ ಕನ್ನಡ ಅಕ್ಷರಗಳೇ ಇಲ್ಲ, ಆದ್ದರಿಂದ ಚೀಟಿಯನ್ನು ಚಿತ್ರವಾಗಿ ಬರೆದು ಕಳಿಸಬೇಕು: ಅಡ್ಡಕ್ಕೆ 384 ಚುಕ್ಕಿ, ಎಂಟು ಚುಕ್ಕಿಗೆ ಒಂದು ಬೈಟ್, ಅಂದರೆ ಸಾಲಿಗೆ 48 ಬೈಟ್. ಕಾಟ್ಲಿನ್‌ನಲ್ಲಿ ಬಿಟ್‌ಮ್ಯಾಪ್ ಎಂಬ ಚುಕ್ಕಿಚಿತ್ರದ ಮೇಲೆ ಪಠ್ಯವನ್ನು ಬರೆಸಿ, ಪಿಕ್ಸೆಲ್‌ಗಳನ್ನು ಕಪ್ಪು-ಬಿಳುಪಿಗೆ ಇಳಿಸಿ, ಪ್ರಿಂಟರಿಗೆ ಮಾಹಿತಿ ಹರಿಸುವ ಸಾಕೆಟ್ ಎಂಬ ಸಂಪರ್ಕ ತೆರೆದು ಸುರಿದೆ; 'ತಿಮ್ಮಯ್ಯ' ಎಂಬ ಹೆಸರು ಒತ್ತಕ್ಷರಗಳೊಂದಿಗೆ ಕಾಗದದ ಮೇಲೆ ಬಂದಾಗ ಭಾವ ಆ ಚೀಟಿಯನ್ನು ಹರಿದು ಜೇಬಿಗಿಟ್ಟುಕೊಂಡರು. ಫ್ಲಟರ್‌ನಲ್ಲೂ ಚಿತ್ರ ಮಾಡುವುದು ಸುಲಭ, ಪ್ರಿಂಟರಿಗೆ ಕಳಿಸಲು ಮಾತ್ರ ಬೇರೆಯವರು ಬರೆದ ಪ್ಲಗಿನ್, ಅಂದರೆ ಆ್ಯಪಿಗೆ ಜೋಡಿಸುವ ಸಿದ್ಧ ಕೋಡ್, ಬೇಕು. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಸಂಪರ್ಕಕ್ಕೆ ಪ್ರತ್ಯೇಕ ಅನುಮತಿ ಕೇಳಬೇಕು. ನಾನು ಹಿಡಿದ ಮೊದಲ ಪ್ಲಗಿನ್‌ಗೆ ಆ ವಿಷಯವೇ ಗೊತ್ತಿರಲಿಲ್ಲ, ಎರಡನೆಯದು ಕೆಲಸ ಮಾಡಿತು. ವೆಬ್ ಇಲ್ಲಿ ಸೋತಿತು. ಕ್ರೋಮ್‌ನ ವೆಬ್ ಬ್ಲೂಟೂತ್ ಕಡಿಮೆ ಶಕ್ತಿಯ ಬಗೆಯ ಬ್ಲೂಟೂತ್‌ನೊಂದಿಗೆ ಮಾತ್ರ ಮಾತಾಡುತ್ತದೆ, ನಮ್ಮ ಪ್ರಿಂಟರ್ ಹಳೆಯ ಬಗೆಯದು.

ಮುದ್ರಿಸುವಾಗ ಕಂಡ ಇನ್ನೊಂದು ಸಂಗತಿ. ಸ್ಪರ್ಶಕ್ಕೆ ಐದು ಸೆಕೆಂಡಿನೊಳಗೆ ಮುಖ್ಯ ಥ್ರೆಡ್, ಅಂದರೆ ಪರದೆಯನ್ನು ನಡೆಸುವ ಕೆಲಸದ ಸಾಲು, ಉತ್ತರಿಸದಿದ್ದರೆ ಆಂಡ್ರಾಯ್ಡ್ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ' ಎನ್ನುತ್ತದೆ, ಆದ್ದರಿಂದ ಸಾಕೆಟ್ ಕೆಲಸವನ್ನು ಕೊರುಟೀನ್ ಎಂಬ ಕಾಟ್ಲಿನ್ ಸೌಲಭ್ಯದ ಮೂಲಕ ಬೇರೆ ಥ್ರೆಡ್‌ಗೆ ಹಾಕಬೇಕು. ಡಾರ್ಟ್‌ನ 'ಅಸಿಂಕ್' ಪದ ನೋಡಿ ಕೆಲಸ ಬೇರೆಡೆ ನಡೆಯುತ್ತದೆಂದು ನಾನು ತಿಳಿದಿದ್ದೆ. ಕಾಯುವಿಕೆಗೆ ಅದು ಸಾಕು, ಪಿಕ್ಸೆಲ್ ಎಣಿಸುವಂತಹ ದುಡಿಮೆಗೆ ಪ್ರತ್ಯೇಕವಾಗಿ ಓಡುವ ಐಸೊಲೇಟ್ ಬೇಕೇ ಬೇಕು.

ಕನ್ನಡದ ವಿಷಯದಲ್ಲಿ ಮೂರೂ ಒಂದೇ ಕಡೆ ಎಡವಿದವು, ಅಥವಾ ನಾನೇ ಎಡವಿಸಿದೆ. ಪಟ್ಟಿಯಲ್ಲಿ ಹೆಸರಿನ ಮೊದಲಕ್ಷರವನ್ನು ವೃತ್ತದೊಳಗೆ ತೋರಿಸಲು ಹೋದರೆ ತಿಮ್ಮಯ್ಯನವರು 'ತ' ಆದರು, ಯಾಕೆಂದರೆ 'ತಿ' ಎಂಬುದು ಯಂತ್ರಕ್ಕೆ ವ್ಯಂಜನ ಮತ್ತು ಗುಣಿತದ ಎರಡು ಸಂಕೇತ. ಡಾರ್ಟ್‌ನಲ್ಲಿ ಕ್ಯಾರೆಕ್ಟರ್ಸ್ ಪ್ಯಾಕೇಜು, ಕಾಟ್ಲಿನ್‌ನಲ್ಲಿ ಬ್ರೇಕ್ ಇಟರೇಟರ್, ಬ್ರೌಸರಿನಲ್ಲಿ ಇಂಟಲ್ ಸೆಗ್ಮೆಂಟರ್ ಇದನ್ನು ಸರಿಪಡಿಸುತ್ತವೆ.

ಹಂಚುವುದರಲ್ಲಿ ವೆಬ್ಬಿಗೆ ಎದುರಿಲ್ಲ. ಸರ್ವರಿನಲ್ಲಿ ಕಡತ ಬದಲಿಸಿದರೆ ಮುಗಿಯಿತು. ಪ್ಲೇ ಸ್ಟೋರಿಗೆ ಒಂದು ಬಾರಿ 25 ಡಾಲರ್ ಕಟ್ಟಬೇಕು, ಹೊಸ ವೈಯಕ್ತಿಕ ಖಾತೆಯಾದರೆ 12 ಮಂದಿ ಪರೀಕ್ಷಕರೊಂದಿಗೆ ಸತತ 14 ದಿನ ಓಡಿಸಬೇಕು; ಒಂದು ಆಲೆಮನೆಗೆ ಇದೆಲ್ಲ ಏಕೆಂದು ನಾನು ಆ್ಯಪನ್ನು ನೇರವಾಗಿ ಸ್ಥಾಪಿಸುವ ಎಪಿಕೆ ಕಡತವನ್ನೇ ಕೈಯಾರೆ ಹಾಕಿಕೊಟ್ಟೆ. ಆದರೆ ಫೋನ್ ನಿಧಾನವಾಗಿದೆಯೆಂದು ಮನೆಯ ಹುಡುಗನೊಬ್ಬ ಬ್ರೌಸರಿನ ಡೇಟಾ ಅಳಿಸಿದಾಗ ವೆಬ್ ಆ್ಯಪಿನ ಮೂರು ದಿನದ ತೂಕ ಅದರೊಂದಿಗೆ ಹೋಯಿತು. ಪುಣ್ಯಕ್ಕೆ ನೋಟ್ ಪುಸ್ತಕವಿನ್ನೂ ನಡೆಯುತ್ತಿತ್ತು.

ಈಗ ಗೇಟಿನ ಫೋನಿನಲ್ಲಿರುವುದು ಕಾಟ್ಲಿನ್ ಆವೃತ್ತಿ. ಅಲ್ಲಿ ಇರುವವೆಲ್ಲ ಆಂಡ್ರಾಯ್ಡ್ ಫೋನುಗಳೇ ಆದ್ದರಿಂದ ಎರಡು ವೇದಿಕೆಗೂ ಒಂದೇ ಕೋಡ್ ಎಂಬ ಫ್ಲಟರ್‌ನ ದೊಡ್ಡ ಲಾಭ ನಮಗೆ ದಕ್ಕಲಿಲ್ಲ. ಪ್ರಿಂಟರ್ ಇಲ್ಲದೆ ಪರದೆಗಳೇ ಹೆಚ್ಚಿರುವ ಕೆಲಸವಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ವೆಬ್ ಪುಟವನ್ನು ಬರೀ ಓದುವುದಕ್ಕೆಂದು ಉಳಿಸಿಕೊಂಡಿದ್ದೇನೆ, ಭಾವ ಮಂಡ್ಯದ ಮಂಡಿಯಲ್ಲಿ ಕೂತು ಆ ದಿನದ ತೂಕ ನೋಡುವುದು ಅದರಲ್ಲೇ. ಅಕ್ಕನ ಮಗ ಐಫೋನ್ ಕೊಳ್ಳುವ ಮಾತಾಡುತ್ತಿದ್ದಾನೆ; ಫ್ಲಟರ್ ಕೋಡನ್ನು ಅಳಿಸದೆ ಇಟ್ಟಿದ್ದೇನೆ, ಅದನ್ನು ಐಫೋನಿಗೆ ಕಟ್ಟಲು ಬೇಕಾದ ಮ್ಯಾಕ್ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಇಲ್ಲ.