ಉಯ್ಯಾಲೆಯೋ, ಭಾರದ ಕೆಲಸವೋ?

ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ) ಇರುವವರ ಮನಸ್ಸನ್ನು ತಹಬದಿಗೆ ತರಲು ಈ ಎರಡರಲ್ಲಿ ಒಂದನ್ನೇ ಆರಿಸಬೇಕಿದ್ದರೆ ಮೊದಲು ಭಾರದ ಕೆಲಸ. ಎತ್ತುವುದು, ತಳ್ಳುವುದು, ನಾದುವುದು ಸ್ನಾಯು, ಕೀಲುಗಳಿಗೆ ಒತ್ತಡ ಕೊಡುತ್ತವೆ. ಹಲವರ ಚಡಪಡಿಕೆ ಅದರಿಂದಲೇ ಇಳಿಯುತ್ತದೆ. ಗೋಡೆಗೆ ಅಂಗೈ ಊರಿ, ಮೊಣಕೈ ತುಸು ಮಡಚಿ, ಐದು ಎಣಿಸುವವರೆಗೆ ತಳ್ಳಿ ಬಿಡಬೇಕು, ಹತ್ತು ಸಲ. ಚಪಾತಿ ಹಿಟ್ಟು ನಾದಿದರೂ ಆದೀತು, ಹಿಟ್ಟು ಗಟ್ಟಿಯಿರಲಿ. ಕೈಗೆ ಅಂಟುವುದನ್ನು ಸಹಿಸದವರಿಗೆ ಮಾತ್ರ ಅದೇ ಕಿರಿಕಿರಿ. ಅವರು ನೀರು ಹೊರಲಿ. 20 ಕೆ.ಜಿ. ತೂಗುವ ಮಗುವಿಗೆ ಎರಡು ಲೀಟರ್ ಸಾಕು. ದೊಡ್ಡವರಿಗೆ ಗುದ್ದಲಿ ಕೆಲಸ, ಮೆಟ್ಟಿಲು. ಕಚೇರಿಯಲ್ಲಾದರೆ ಚಕ್ರವಿಲ್ಲದ ಕುರ್ಚಿಯ ಅಂಚು ಒತ್ತಿ ಮೈ ತುಸು ಮೇಲೆತ್ತಬಹುದು, ಯಾರ ಕಣ್ಣಿಗೂ ಬೀಳದು.

ಉಯ್ಯಾಲೆಯ ಗುಣ ಇರುವುದು ಲಯದಲ್ಲಿ. ಹಿಂದೆ ಮುಂದೆ, ನಿಧಾನವಾಗಿ, ಒಂದೇ ಗತಿಯಲ್ಲಿ ಐದರಿಂದ ಹತ್ತು ನಿಮಿಷ. ಹಗ್ಗ ತಿರುಚಿ ಗರಗರ ಸುತ್ತಿಸಿದರೆ ಶಾಂತವಾಗುವ ಬದಲು ಹುಚ್ಚು ಹುರುಪು. ಕೆಲವರಿಗೆ ಇಳಿದ ಮೇಲೆ ವಾಂತಿ. ಮುಖ ಬಿಳಿಚಿದರೆ, ಬೆವರಿದರೆ ಕೂಡಲೇ ನಿಲ್ಲಿಸಿ. ಮೂರ್ಛೆರೋಗವಿದ್ದರೆ ವೈದ್ಯರನ್ನು ಕೇಳದೆ ಹತ್ತಿಸಬೇಡಿ. ಪಾದ ನೆಲಕ್ಕೆ ತಾಗುವಷ್ಟು ಹಲಗೆ ತಗ್ಗಿರಲಿ, ಬೇಡವೆನಿಸಿದಾಗ ಅವರೇ ನಿಲ್ಲಿಸಿಕೊಳ್ಳುತ್ತಾರೆ.

ಯಾವುದನ್ನೇ ಆರಿಸಿ, ಸಂತೆಗೋ ಹೋಂವರ್ಕಿಗೋ ಮುಂಚೆ ಮಾಡಿಸಿ. ರಂಪ ಏರಿದ ಮೇಲೆ ಸೂಚನೆ ತಲೆಗೆ ಹೋಗುವುದಿಲ್ಲ.