ಕೃಪೆ, ವಿಶ್ವಾಸ, ಸತ್ಕ್ರಿಯೆ ಬಗ್ಗೆ ಒಂದು ಆನ್‌ಲೈನ್ ಕೋರ್ಸ್: ಖಂಡಿತ ನೋಡಿ, ಆದ್ರೆ ಪಿಡಿಎಫ್ ನಂಬ್ಕೊಂಡು ಕೂರಬೇಡಿ

ರಕ್ಷಣೆ ಸಿಗೋದು ವಿಶ್ವಾಸದಿಂದಲೋ ಸತ್ಕ್ರಿಯೆಯಿಂದಲೋ ಅನ್ನೋ ವಾದ ಕಥೋಲಿಕರು ಪ್ರೊಟೆಸ್ಟೆಂಟರು ಕೂತು ಮಾತಾಡಿದ ಕಡೆಯೆಲ್ಲ ಬಂದೇ ಬರುತ್ತೆ, ಒಬ್ರು ಬೈಬಲ್‌ನಲ್ಲಿ ಎಫೆಸದವರಿಗೆ ಬರೆದ ಪತ್ರದ 2:8 (ರಕ್ಷಣೆ ಕೃಪೆಯಿಂದ, ವಿಶ್ವಾಸದ ಮೂಲಕ) ತೆಗೀತಾರೆ, ಇನ್ನೊಬ್ರು ಯಾಕೋಬನ ಪತ್ರದ 2:24 (ಬರೀ ವಿಶ್ವಾಸದಿಂದಲ್ಲ, ಕ್ರಿಯೆಯಿಂದಲೂ) ತೆಗೀತಾರೆ, ಅಲ್ಲಿಗೆ ಮಾತು ಮುಗೀತು. ಆಮೇಲೆ ಯಾರೂ ಯಾರ ಮಾತೂ ಕೇಳಲ್ಲ. ಈ ವಿಷಯದ ಮೇಲೇನೇ ಇರೋ ಒಂದು ರೆಕಾರ್ಡೆಡ್ ಕೋರ್ಸ್ ಪೂರ್ತಿ ನೋಡಿ ಮುಗಿಸಿದೀನಿ, ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ.

ಮುಖ್ಯವಾಗಿ ಇಷ್ಟ ಆಗಿದ್ದು ಏನಂದ್ರೆ ಎರಡೂ ಕಡೆಯವರು ಏನು ನಂಬ್ತಾರೆ ಅನ್ನೋದನ್ನ ಅವರವರ ದಾಖಲೆಯಿಂದಲೇ ಓದಿಸ್ತಾರೆ, ಎದುರಾಳಿ ಬಾಯಿಂದ ಅಲ್ಲ. ಒಂದು ಕ್ವಿಜ್ ಇದೆ, ವಾಕ್ಯ ಕೊಟ್ಟು ಇದು ಯಾರ ಮಾತು ಅಂತ ಕೇಳ್ತಾರೆ. ನೀತಿವಂತರಾಗೋದಕ್ಕೆ (ಅಂದ್ರೆ ದೇವರ ಮುಂದೆ ಸರಿಯಾದವರು ಅನ್ನಿಸ್ಕೊಳ್ಳೋದಕ್ಕೆ) ಮುಂಚೆ ನಾವು ಇಟ್ಟ ವಿಶ್ವಾಸವಾಗಲಿ ಮಾಡಿದ ಕ್ರಿಯೆಯಾಗಲಿ ಆ ಕೃಪೆಯನ್ನ ಸಂಪಾದಿಸಿ ಕೊಡಲ್ಲ ಅನ್ನೋ ಅರ್ಥದ ವಾಕ್ಯ ಬರುತ್ತೆ, ನೋಡಿದ ಕೂಡಲೇ ಯಾರಾದ್ರೂ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಅಂತಲೇ ಒತ್ತುತ್ತಾರೆ, ಆದ್ರೆ ಅದು 1547ರ ಜನವರಿಯಲ್ಲಿ ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಇದೇ ವಿಷಯದ ಮೇಲೆ ಹೊರಡಿಸಿದ ಆದೇಶದ 8ನೇ ಅಧ್ಯಾಯದ್ದು! ಅದರ ಪಕ್ಕದಲ್ಲೇ, ನಿಜವಾದ ವಿಶ್ವಾಸ ಸುಮ್ನೆ ಕೂರೋದೇ ಇಲ್ಲ, ಒಳ್ಳೇದು ಮಾಡ್ತಾನೇ ಇರುತ್ತೆ ಅನ್ನೋ ಮಾತು ಬರುತ್ತೆ, ಅದು ರೋಮನ್ನರಿಗೆ ಬರೆದ ಪತ್ರಕ್ಕೆ ಲೂಥರ್ 1522ರಲ್ಲಿ ಬರೆದ ಮುನ್ನುಡಿಯದ್ದು. ಕಥೋಲಿಕರು ಸ್ವರ್ಗನ ದುಡಿದು ಕೊಂಡ್ಕೋತಾರೆ, ಪ್ರೊಟೆಸ್ಟೆಂಟರು ನಂಬಿಬಿಟ್ಟು ಹೇಗೆ ಬೇಕಾದ್ರೂ ಬದುಕ್ತಾರೆ ಅನ್ನೋ ಎರಡೂ ಆರೋಪ ಈ ಒಂದು ಕ್ವಿಜ್‌ನಲ್ಲೇ ಬಿದ್ದುಹೋಗುತ್ತೆ.

ಹಾಗಾದ್ರೆ ನಿಜವಾದ ಜಗಳ ಎಲ್ಲಿದೆ? ಇದನ್ನ ಹೇಳೋ ಪಾಠ ತುಂಬಾ ಚೆನ್ನಾಗಿದೆ. ಕೃಪೆ ಬೇಕು, ಅದೇ ಮೊದಲು ಬರುತ್ತೆ ಅನ್ನೋದರಲ್ಲಿ ಇಬ್ಬರಿಗೂ ತಕರಾರಿಲ್ಲ, 5ನೇ ಶತಮಾನದಲ್ಲಿ, ಮನುಷ್ಯ ತನ್ನ ಸ್ವಂತ ಶಕ್ತಿಯಿಂದಲೇ ಒಳ್ಳೆಯವನಾಗಬಹುದು ಅಂತಿದ್ದ ಪೆಲಾಗಿಯಸ್ ವಿರುದ್ಧ ಬಿಷಪ್ ಅಗಸ್ಟೀನ್ ಗೆದ್ದಾಗಲೇ ಅದು ತೀರ್ಮಾನ ಆಗಿದ್ದು. ದೇವರು ಒಬ್ಬ ಪಾಪಿಯನ್ನ ನೀತಿವಂತ ಅಂದಾಗ ಏನಾಗುತ್ತೆ ಅನ್ನೋದರಲ್ಲಿ ದಾರಿ ಬೇರೆ ಆಗುತ್ತೆ. ಪ್ರೊಟೆಸ್ಟೆಂಟ್ ಸುಧಾರಕರ ಪ್ರಕಾರ ಕ್ರಿಸ್ತನ ನೀತಿ ನಮ್ಮ ಲೆಕ್ಕಕ್ಕೆ ಬರುತ್ತೆ, ದೇವರು ತೀರ್ಪು ಹೇಳ್ತಾನೆ, ಜೀವನ ಬದಲಾಗೋದು ಅದರ ಫಲ, ಅದು ಬಂದೇ ಬರುತ್ತೆ ಆದ್ರೆ ತೀರ್ಪಿಗೆ ಆಧಾರ ಅಲ್ಲ. ಕಥೋಲಿಕರ ಪ್ರಕಾರ ದೀಕ್ಷಾಸ್ನಾನದಲ್ಲಿ ಕೃಪೆ ಹೃದಯದೊಳಗೆ ಸುರಿಯುತ್ತೆ, ಕ್ಷಮೆ ಮತ್ತು ಒಳಗಿನ ಬದಲಾವಣೆ ಒಂದೇ ಕೆಲಸ, ಅದಕ್ಕೇ ಅದು ಬೆಳೀಬಹುದು, ಮಾರಕ ಪಾಪದಿಂದ ಕಳೆದೂ ಹೋಗಬಹುದು, ಪಾಪನಿವೇದನೆಯಲ್ಲಿ (ಪಾದ್ರಿ ಮುಂದೆ ಪಾಪ ಒಪ್ಕೊಂಡು ಕ್ಷಮೆ ಪಡೆಯೋದರಲ್ಲಿ) ಮತ್ತೆ ಸಿಗಬಹುದು. ಇಷ್ಟು ಹಿಡಿತಕ್ಕೆ ಸಿಕ್ಕಿದ್ರೆ ಸತ್ಕ್ರಿಯೆಗೆ ಪ್ರತಿಫಲ, ಶುದ್ಧೀಕರಣ ಸ್ಥಳ (ಸತ್ತ ಮೇಲೆ ಸ್ವರ್ಗಕ್ಕೆ ಮುಂಚೆ ಶುದ್ಧಿ ಆಗೋದು) ಇವೆಲ್ಲ ಕಥೋಲಿಕ ಬೋಧನೆಯಲ್ಲಿ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳೋ ಅಗತ್ಯಾನೇ ಇರಲ್ಲ.

1541ರ ರೇಗನ್ಸ್‌ಬರ್ಗ್ ಮಾತುಕತೆಯ ಪಾಠ ಕೂಡ ಮಿಸ್ ಮಾಡ್ಬೇಡಿ. ಕಾರ್ಡಿನಲ್ ಕೊಂತಾರಿನಿ, ಎಕ್ ಕಥೋಲಿಕರ ಕಡೆಯಿಂದ, ಮೆಲಾಂಕ್ಟನ್, ಬೂಸರ್ ಪ್ರೊಟೆಸ್ಟೆಂಟರ ಕಡೆಯಿಂದ ಕೂತು ಈ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಬಂದೇ ಬಿಟ್ಟಿದ್ರು, ಪರಮಪ್ರಸಾದ (ಪೂಜೆಯ ರೊಟ್ಟಿ, ದ್ರಾಕ್ಷಾರಸ) ಮತ್ತು ಸಭೆಯ ಅಧಿಕಾರದ ವಿಷಯ ಬಂದಾಗ ಎಲ್ಲಾ ಮುರಿದುಬಿತ್ತು, ಆ ಒಪ್ಪಂದ ಲೂಥರ್‌ಗೂ ಹಿಡಿಸಲಿಲ್ಲ ರೋಮ್‌ಗೂ ಹಿಡಿಸಲಿಲ್ಲ. ಇಷ್ಟು ಹತ್ತಿರ ಬಂದಿದ್ರಲ್ಲ ಅಂತ ಹೊಟ್ಟೆ ಉರಿಯುತ್ತೆ.

ಈಗ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ ಹೇಳ್ತೀನಿ. ಪ್ರೊಟೆಸ್ಟೆಂಟರು ಅಂತ ಎಲ್ಲರನ್ನೂ ಒಂದೇ ಗುಂಪು ಮಾಡಿ, ಒಂದ್ಸಲ ರಕ್ಷಣೆ ಸಿಕ್ರೆ ಅದು ಕಳೆದುಹೋಗಲ್ಲ ಅಂತ ಅವರು ಹೇಳ್ತಾರೆ ಅಂತ ಒಂದೇ ಉಸಿರಲ್ಲಿ ಹೇಳಿ ಮುಂದೆ ಹೋಗ್ತಾರೆ, ಇದು ಸರಿ ಅಲ್ಲ. ಆರಿಸಲ್ಪಟ್ಟವರು ಕೊನೆವರೆಗೂ ಉಳೀತಾರೆ ಅನ್ನೋದು 1618–19ರಲ್ಲಿ ನೆದರ್ಲೆಂಡ್ಸ್‌ನ ಡಾರ್ಟ್ ಸಭೆ ಹೇಳಿದ ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆಯ) ಬೋಧನೆ, ಲೂಥರನ್ನರು ಮೆಥಡಿಸ್ಟರು ವಿಶ್ವಾಸ ಕಳ್ಕೊಂಡು ಬಿದ್ದುಹೋಗೋ ಸಾಧ್ಯತೆ ಇದೆ ಅಂತಲೇ ಕಲಿಸ್ತಾರೆ, ದೀಕ್ಷಾಸ್ನಾನದಲ್ಲಿ ದೇವರು ಕೃಪೆ ಕೊಡ್ತಾನೆ ಅನ್ನೋದರಲ್ಲಂತೂ ಲೂಥರನ್ನರು ಎಷ್ಟೋ ಪ್ರೊಟೆಸ್ಟೆಂಟರಿಗಿಂತ ಕಥೋಲಿಕರಿಗೇ ಹತ್ತಿರ.

ಕೋರ್ಸ್ ಜೊತೆ ಕೊಡೋ ಪಿಡಿಎಫ್‌ನಲ್ಲಿ ಟ್ರೆಂಟ್ ಆದೇಶದ 33 ಕ್ಯಾನನ್ ಮಾತ್ರ ಹಾಕಿದಾರೆ, 16 ಅಧ್ಯಾಯಗಳನ್ನ ಬಿಟ್ಟಿದಾರೆ. ಕ್ಯಾನನ್ ಅಂದ್ರೆ ಯಾವುದು ತಪ್ಪು ಅಂತ ಹೇಳಿ ಹಾಗನ್ನೋರಿಗೆ ಶಾಪ ಹಾಕೋದು, ಯಾವುದು ಸರಿ ಅಂತ ವಿವರಿಸೋದು ಅಧ್ಯಾಯಗಳು. ಪಿಡಿಎಫ್ ಮಾತ್ರ ಓದಿದವರಿಗೆ ಬರೀ ಶಾಪ ಕಾಣುತ್ತೆ, ಬೋಧನೆ ಕಾಣಲ್ಲ, ಕ್ವಿಜ್‌ನಲ್ಲಿ ಕೇಳಿದ 8ನೇ ಅಧ್ಯಾಯ ಕೂಡ ಅದರಲ್ಲಿಲ್ಲ!

ಕೊನೆ ಪಾಠ ತುಂಬಾ ಅವಸರದ್ದು. 1999ರ ಅಕ್ಟೋಬರ್ 31ಕ್ಕೆ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಇದೇ ವಿಷಯದ ಮೇಲಿನ ಜಂಟಿ ಘೋಷಣೆಗೆ ಸಹಿ ಹಾಕಿದ್ವು, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನ ಸ್ವೀಕರಿಸ್ತಾನೆ ಅಂತ ಒಟ್ಟಿಗೆ ಹೇಳಿದ್ವು, 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಕೂಡ ಸೇರ್ಕೊಂಡ್ವು. ಇಷ್ಟನ್ನ ಸ್ಲೈಡ್ ಮೇಲೆ ಓಡಿಸಿ ಸಮಸ್ಯೆ ಬಗೆಹರೀತು ಅನ್ನೋ ಹಾಗೆ ಮುಗಿಸಿದಾರೆ. ಅಮೆರಿಕದ ಮಿಸೂರಿ ಸಿನಡ್ ಥರದ ಲೂಥರನ್ ಸಭೆಗಳು ಒಪ್ಪಲಿಲ್ಲ ಅನ್ನೋದು, ನೀತಿವಂತನಾದವನು ಅದೇ ಹೊತ್ತಿಗೆ ಪಾಪಿಯೂ ಹೌದಾ ಅನ್ನೋ ಪ್ರಶ್ನೆಯಲ್ಲಿ ರೋಮ್‌ಗೆ ಇದ್ದ ಕಷ್ಟ, ಯಾವುದೂ ಇಲ್ಲ.

ನನಗೆ ನಿಜಕ್ಕೂ ಬೇಜಾರಾಗಿದ್ದು ಬೇರೆ. ನಾನು ರಕ್ಷಣೆ ಹೊಂದಿದೀನಿ ಅಂತ ಗ್ಯಾರಂಟಿಯಾಗಿ ತಿಳ್ಕೋಬಹುದಾ ಅನ್ನೋ ಪ್ರಶ್ನೆಗೆ ಒಂದು ಪಾಠವೂ ಇಲ್ಲ. ಸಾಯೋ ಹಾಸಿಗೆ ಪಕ್ಕ ಕೂತವರು ಕೇಳೋದು ಇದನ್ನೇ ಅಲ್ವಾ? ಟ್ರೆಂಟ್‌ನ 9ನೇ ಅಧ್ಯಾಯ ಪೂರ್ತಿ ಇದರ ಮೇಲೇ ಇದೆ, ದೇವರ ಕರುಣೆ ಮೇಲೆ ಸಂಶಯ ಬೇಡ ಆದ್ರೆ ತನ್ನ ಬಲಹೀನತೆ ನೋಡಿ ಮನುಷ್ಯ ಹೆದರೋದು ಸಹಜ ಅನ್ನುತ್ತೆ, ಲೂಥರ್ ಅದಕ್ಕೂ ಮುಂಚೆಯೇ ಇದೇ ಪ್ರಶ್ನೆಗೆ ನಿನ್ನನ್ನ ನೋಡ್ಕೋಬೇಡ ವಾಗ್ದಾನ ನೋಡು ಅಂತಿದ್ದ. ಡೌಟ್ ಸೆಕ್ಷನ್‌ನಲ್ಲಿ ಇದನ್ನ ಕೇಳಿದ್ರೆ ಒಂದಷ್ಟು ವಚನಗಳ ಪಟ್ಟಿ ಕಳಿಸಿ ಸುಮ್ನಾದ್ರು.

ಆದ್ರೂ ತಗೊಳ್ಳಿ ಅಂತಲೇ ಹೇಳ್ತೀನಿ, ಅದ್ರಲ್ಲೂ ಬೇರೆ ಸಭೆಯವರನ್ನ ಮದುವೆ ಆದವರು ಗಂಡ ಹೆಂಡತಿ ಒಟ್ಟಿಗೆ ಕೂತು ನೋಡಿ. ಟ್ರೆಂಟ್‌ನ ಅಧ್ಯಾಯಗಳನ್ನೂ 1999ರ ಘೋಷಣೆಯನ್ನೂ ಬೇರೆ ಕಡೆಯಿಂದ ತೆಗೆದಿಟ್ಕೊಂಡು ಪಾಠದ ಜೊತೆಗೇ ಓದ್ಕೊಂಡು ಹೋಗಿ, ಎರಡೂ ನೆಟ್‌ನಲ್ಲಿ ಫ್ರೀಯಾಗೇ ಸಿಗುತ್ತೆ.