ಸ್ಲ್ಯಾಕ್ ಜೊತೆ ಕೆಲವು ವರ್ಷ: ಗದ್ದಲ ಶುರುವಾಗುವುದು ಸದಸ್ಯರ ಪಟ್ಟಿಯಿಂದ

ಕೆಲಸದ ತಂಡಗಳು ಮಾತಾಡಿಕೊಳ್ಳಲು ಬಳಸುವ ಚಾಟ್ ಟೂಲ್ ಸ್ಲ್ಯಾಕ್. ಇದರ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ದೂರು ನೋಟಿಫಿಕೇಶನ್ ಕಾಟ. ಕೆಲವು ವರ್ಷಗಳಿಂದ ನಾನು ದಿನವಿಡೀ ಇದನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ನಮ್ಮ ತಂಡಕ್ಕಿರುವ ಜಾಗಕ್ಕೆ, ಅಂದರೆ ವರ್ಕ್‌ಸ್ಪೇಸ್‌ಗೆ, ಅಡ್ಮಿನ್ ಆಗಿರುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಈಗ ನನಗನ್ನಿಸುವುದು ಇಷ್ಟು: ಈ ಕಾಟದಲ್ಲಿ ಜಾಸ್ತಿ ಪಾಲು ಬರುವುದು ಯಾರನ್ನು ಎಲ್ಲೆಲ್ಲಿ ಸೇರಿಸಿದ್ದೇವೆ ಅನ್ನುವುದರಿಂದ. ನೋಟಿಫಿಕೇಶನ್ ಗಂಟೆಯ ಸೆಟ್ಟಿಂಗ್ ಮುಟ್ಟುವುದು ಆಮೇಲಿನ ಮಾತು.

ಇದಕ್ಕೂ ಮೊದಲು ನಾವು ಬೇರೆ ಒಂದು ಚಾಟ್ ಟೂಲ್ ಬಳಸುತ್ತಿದ್ದೆವು. ಹೆಸರು ಬೇಡ. ಹೊರಗಿನ ಒಬ್ಬರು ನಮಗೆ ಸ್ವಲ್ಪ ಕಾಲ ಡಿಸೈನ್ ಕೆಲಸ ಮಾಡಿಕೊಟ್ಟು ಹೋದರು. ಕೆಲಸ ಮುಗಿದು ಎಷ್ಟೋ ದಿನದ ಮೇಲೆ ಅವರಿಂದ ಗುಂಪಿಗೆ ಒಂದು ಮೆಸೇಜ್ ಬಂತು: 'ದಯವಿಟ್ಟು ನನ್ನನ್ನು ಇಲ್ಲಿಂದ ತೆಗೆದುಬಿಡಿ, ರಾತ್ರಿಯೆಲ್ಲ ಫೋನ್ ಬಡಿದುಕೊಳ್ಳುತ್ತೆ.' ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬರು ಕೇಳಿದರು, 'ಹಾಗಾದ್ರೆ ಇಷ್ಟು ದಿನ ನಾವು ಮಾತಾಡಿದ್ದೆಲ್ಲ ಇವರಿಗೆ ಕಾಣ್ತಾ ಇತ್ತಾ?' ಕಾಣುತ್ತಿತ್ತು. ಅವರಿಗೆ ಬೇಡದ ಗಂಟೆ, ನಮಗೆ ಬೇಡದ ಇಣುಕು. ಎರಡೂ ಬಂದದ್ದು ಪಟ್ಟಿಯಲ್ಲಿ ಉಳಿದುಹೋದ ಒಂದೇ ಹೆಸರಿನಿಂದ.

ಸ್ಲ್ಯಾಕ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಈ ಹೊರಗಿನವರ ವ್ಯವಸ್ಥೆ. ಅವರಿಗಾಗಿ ಇರುವ ಗೆಸ್ಟ್ ಖಾತೆ ಎರಡು ಬಗೆ. ಒಂದಕ್ಕೆ ಒಂದೇ ಚಾನೆಲ್ (ಒಂದು ವಿಷಯದ ಮಾತಿಗೆ ಮೀಸಲಾದ ಕೋಣೆ ಅನ್ನಿ), ಇನ್ನೊಂದಕ್ಕೆ ನಾವು ಆರಿಸಿದ ಹಲವು ಚಾನೆಲ್. ಹಣ ಕೊಡುವ ಪ್ಲಾನ್‌ನಲ್ಲಿ ಮಾತ್ರ ಇವು ಸಿಗುತ್ತವೆ. ಒಬ್ಬ ಪೂರ್ಣ ಸದಸ್ಯರ ಲೆಕ್ಕಕ್ಕೆ 5 ಒಂದೇ-ಚಾನೆಲ್ ಗೆಸ್ಟ್‌ಗಳು ಪುಕ್ಕಟೆ. ಹಲವು ಚಾನೆಲ್‌ನ ಗೆಸ್ಟ್‌ಗೆ ಮಾತ್ರ ಪೂರ್ಣ ಸದಸ್ಯರಷ್ಟೇ ಬಿಲ್ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಗೆಸ್ಟ್ ಖಾತೆಗೆ ಕೊನೆಯ ದಿನಾಂಕ ಹಾಕಬಹುದು. ಆ ದಿನ ಖಾತೆ ತಾನಾಗಿ ಮುಚ್ಚುತ್ತದೆ, ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ನಮ್ಮಲ್ಲಿ ಈಗ ದಿನಾಂಕ ಹಾಕದೆ ಗೆಸ್ಟ್ ಸೇರಿಸುವಂತಿಲ್ಲ. ಕೆಲಸ ಮುಂದುವರಿದರೆ ದಿನಾಂಕ ಮುಂದೆ ಹಾಕಿದರಾಯಿತು.

ಒಳಗಿನವರ ಕಥೆ ಬೇರೆ. ಸ್ಲ್ಯಾಕ್ ಹುಟ್ಟಿದ್ದೇ ಒಂದು ಸಣ್ಣ ತಂಡದ ಒಳಬಳಕೆಗೆ. ಟೈನಿ ಸ್ಪೆಕ್ ಕಂಪನಿಯವರು ಗ್ಲಿಚ್ ಅನ್ನುವ ಆನ್‌ಲೈನ್ ಆಟ ಕಟ್ಟುವಾಗ ತಮಗಾಗಿ ಮಾಡಿಕೊಂಡಿದ್ದರು. ಆಟ ನಿಂತಿತು, ಟೂಲ್ ಉಳಿಯಿತು. 2014ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಆ ಸಣ್ಣ ತಂಡದ ಮನಸ್ಸು ಈಗಲೂ ಕಾಣುತ್ತದೆ. ಪಬ್ಲಿಕ್ ಚಾನೆಲ್ ಅಂದರೆ ತಂಡದ ಪೂರ್ಣ ಸದಸ್ಯರಿಗೆಲ್ಲ ತೆರೆದ ಬಾಗಿಲು. ಯಾರು ಬೇಕಾದರೂ ಹುಡುಕಬಹುದು, ಓದಬಹುದು, ಸೇರಿಕೊಳ್ಳಬಹುದು.

ಇಲ್ಲೇ ಒಂದು ಸೂಕ್ಷ್ಮ ಇದೆ, ಬಹಳ ತಂಡಗಳು ಗಮನಿಸುವುದಿಲ್ಲ. ಪಬ್ಲಿಕ್ ಚಾನೆಲ್ ಓದಲು ಸೇರಿರಲೇಬೇಕು ಅಂತೇನಿಲ್ಲ. ಸೇರದೆಯೂ ಒಳಗೆ ನೋಡಬಹುದು, ಹುಡುಕಿದರೆ ಅಲ್ಲಿನ ಮೆಸೇಜ್ ಸಿಗುತ್ತದೆ. ಆದರೂ ನಾವು 'ಇರಲಿ, ಗೊತ್ತಿರಲಿ' ಅಂತ ಎಲ್ಲರನ್ನೂ ಸೇರಿಸುತ್ತೇವೆ. ಸೇರಿಸಿದ ಕ್ಷಣದಿಂದ ಅವರ ಸೈಡ್‌ಬಾರ್‌ನಲ್ಲಿ ಓದದ ಮೆಸೇಜ್ ಇದೆ ಅನ್ನುವ ಇನ್ನೊಂದು ದಪ್ಪಕ್ಷರದ ಹೆಸರು, ಎಲ್ಲರನ್ನೂ ಒಟ್ಟಿಗೆ ಕರೆಯಲು ಯಾರಾದರೂ @ಚಾನೆಲ್ ಅಂದಾಗ ಇನ್ನೊಂದು ಗಂಟೆ. ಗೊತ್ತಿರಲಿ ಅನ್ನುವುದಕ್ಕೆ ಹುಡುಕುವ ಅವಕಾಶ ಸಾಕು, ಅಲ್ವಾ?

ಇದು ಹೊಳೆದ ಮೇಲೆ ಮೊದಲು ಕೈಹಾಕಿದ್ದು ಡೀಫಾಲ್ಟ್ ಚಾನೆಲ್‌ಗಳ ಪಟ್ಟಿಗೆ. ಹೊಸಬರು ಬಂದ ಕೂಡಲೇ ತಾನಾಗಿ ಸೇರುವ ಚಾನೆಲ್‌ಗಳು ಅವು. ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಸಿಗುತ್ತವೆ. ನಮ್ಮ ಪಟ್ಟಿ ಉದ್ದಕ್ಕೆ ಬೆಳೆದಿತ್ತು. ಯಾವತ್ತೋ ಮುಗಿದ ಪ್ರಾಜೆಕ್ಟಿನ ಚಾನೆಲ್ ಕೂಡ ಅದರಲ್ಲಿ ಕೂತಿತ್ತು! ಬೆರಳೆಣಿಕೆಯಷ್ಟು ಉಳಿಸಿ ಮಿಕ್ಕದ್ದನ್ನು ತೆಗೆದೆವು. ಇನ್ನು ಸೇರದೇ ಇರುವವರನ್ನು ಯಾರಾದರೂ ಮೆನ್ಶನ್ ಮಾಡಿದರೆ (@ ಹಾಕಿ ಹೆಸರು ಹಿಡಿದು ಕರೆದರೆ), 'ಇವರು ಈ ಚಾನೆಲ್‌ನಲ್ಲಿ ಇಲ್ಲ' ಅಂತ ಸ್ಲ್ಯಾಕ್ ಅಲ್ಲೇ ಹೇಳಿ, ಸೇರಿಸಬೇಕಾ ಅಂತ ಕೇಳುತ್ತದೆ. ಹಾಗಾಗಿ ಯಾರೋ ತಪ್ಪಿಹೋಗುತ್ತಾರೆ ಅನ್ನುವ ಭಯ ಬೇಡ.

ಪ್ರೈವೇಟ್ ಚಾನೆಲ್‌ಗೆ ಲೆಕ್ಕ ತಿರುಗಾಮುರುಗಾ. ಒಳಗಿಲ್ಲದವರು ಎಷ್ಟು ಹುಡುಕಿದರೂ ಅಲ್ಲಿನದ್ದು ಸಿಗುವುದಿಲ್ಲ. ಆದರೆ ಹೊಸಬರನ್ನು ಒಳಗೆ ಕರೆದರೆ ಅಲ್ಲಿನ ಹಳೆಯ ಮಾತೆಲ್ಲ ಅವರಿಗೆ ಕಾಣುತ್ತದೆ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ 'ಇವತ್ತಿಂದ ನೀವೂ ಬನ್ನಿ' ಅಂತ ಕರೆಯುವವರ ತಲೆಯಲ್ಲಿ ಇವತ್ತಿನ ಮಾತು ಮಾತ್ರ ಇರುತ್ತದೆ. ಸಂಬಳ, ಸಂದರ್ಶನ, ಯಾರದೋ ರಜೆಯ ಕಾರಣ, ಇಂಥದ್ದು ಇರುವ ಚಾನೆಲ್‌ಗೆ ಒಬ್ಬರನ್ನು ಸೇರಿಸುವ ಬದಲು ಹೊಸ ಚಾನೆಲ್ ತೆರೆಯುವುದೇ ವಾಸಿ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡು, ಡೀಫಾಲ್ಟ್ ಆಗಿ ಬಾಗಿಲು ಮುಚ್ಚಿಡು ಅಂತ ಕಂಪ್ಯೂಟರ್ ಭದ್ರತೆಯ ಬಗ್ಗೆ ಬರೆದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಪಬ್ಲಿಕ್ ಚಾನೆಲ್ ವಿಷಯದಲ್ಲಿ ಸ್ಲ್ಯಾಕ್ ಈ ಮಾತಿಗೆ ಉಲ್ಟಾ ನಡೆಯುತ್ತದೆ, ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಕೆಲಸದ ಮಾತು ತೆರೆದೇ ಇರಲಿ. ಮನುಷ್ಯರ ಬಗೆಗಿನ ಮಾತು ಮುಚ್ಚಿರಲಿ.

ಈಗ ಗಂಟೆಯ ವಿಷಯ. @ಚಾನೆಲ್ ಅಂದರೆ ಆ ಚಾನೆಲ್‌ನ ಎಲ್ಲರಿಗೂ ಹೋಗುತ್ತದೆ. @ಹಿಯರ್ ಅಂದರೆ ಆ ಹೊತ್ತಿಗೆ ಆಕ್ಟಿವ್ ಇರುವವರಿಗೆ ಮಾತ್ರ. ಇವೆರಡರ ವ್ಯತ್ಯಾಸ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೆ, ಗೊತ್ತಿಲ್ಲ. 'ಫೈಲ್ ಸಿಕ್ತಾ?' ಅಂತ ಒಬ್ಬರನ್ನು ಕೇಳಲು @ಚಾನೆಲ್ ಹಾಕುವವರು ಎಲ್ಲ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ದೊಡ್ಡ ಚಾನೆಲ್‌ನಲ್ಲಿ ಹಾಗೆ ಮಾಡಿದರೆ ಸ್ಲ್ಯಾಕ್ ಕಳಿಸುವ ಮೊದಲು ತಡೆದು ಕೇಳುತ್ತದೆ: ಇದು ಇಷ್ಟು ಜನರಿಗೆ, ಇಷ್ಟು ಟೈಮ್ ಝೋನ್‌ಗಳಿಗೆ ಹೋಗುತ್ತದೆ, ಕಳಿಸಲಾ? ಪುಟ್ಟ ಡಬ್ಬಿ, ಆದರೆ ಆ ಸಂಖ್ಯೆ ನೋಡಿ ಸುಮ್ನೆ ಕ್ಯಾನ್ಸಲ್ ಒತ್ತಿದವರನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬುದ್ಧಿಮಾತು ಹೇಳಿ ಆಗದ ಕೆಲಸ ಅದು. ಇದಕ್ಕೂ ಬಗ್ಗದಿದ್ದರೆ ಈ ಮೆನ್ಶನ್‌ಗಳನ್ನು ಯಾರು ಬಳಸಬಹುದು ಅನ್ನುವುದನ್ನೇ ಅಡ್ಮಿನ್ ಕಟ್ಟಿಹಾಕಬಹುದು. ನಾವು ಎಲ್ಲರೂ ಇರುವ ಚಾನೆಲ್‌ನಲ್ಲಿ ಕಟ್ಟಿಹಾಕಿದ್ದೇವೆ, ಉಳಿದ ಕಡೆ ಬಿಟ್ಟಿದ್ದೇವೆ. ಹಣ ಕೊಡುವ ಪ್ಲಾನ್‌ನಲ್ಲಿ ಯೂಸರ್ ಗ್ರೂಪ್, ಅಂದರೆ ಕೆಲವರನ್ನು ಒಂದೇ ಹೆಸರಿನಲ್ಲಿ ಕರೆಯುವ ಪಟ್ಟಿ, ಮಾಡಿಕೊಳ್ಳಬಹುದು. ಟೆಸ್ಟಿಂಗ್‌ನವರಿಗೆ ಮಾತ್ರ ಬೇಕಾದದ್ದನ್ನು ಟೆಸ್ಟಿಂಗ್ ಗ್ರೂಪಿನ ಹೆಸರಿಗೇ ಹಾಕಿದರೆ ಉಳಿದವರ ಫೋನ್ ಸುಮ್ಮನಿರುತ್ತದೆ.

ವೈಯಕ್ತಿಕ ಸೆಟ್ಟಿಂಗ್‌ಗಳಲ್ಲಿ ಡೀಫಾಲ್ಟ್ ಒಳ್ಳೆಯದಿದೆ. ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ 'ಡು ನಾಟ್ ಡಿಸ್ಟರ್ಬ್' ತಾನಾಗಿ ಬರುತ್ತದೆ, ಅವರವರ ಟೈಮ್ ಝೋನ್ ಪ್ರಕಾರ. ತೀರಾ ತುರ್ತಾದರೆ ಡಿಎಂ (ಒಬ್ಬರಿಗೇ ನೇರ ಮೆಸೇಜ್) ಕಳಿಸಿದವರು 'ಆದರೂ ತಿಳಿಸು' ಅಂತ ಒತ್ತಬಹುದು. ನಾವು ಕೊಟ್ಟ ಪದ ಯಾರಾದರೂ ಬರೆದಾಗ ತಿಳಿಸುವ ಕೀವರ್ಡ್ ಸೌಲಭ್ಯವನ್ನು ಜನ ಅಷ್ಟಾಗಿ ಬಳಸುವುದಿಲ್ಲ, ನನಗೆ ಅದೇ ಜಾಸ್ತಿ ಉಪಯೋಗ. ನಿಮ್ಮ ಪ್ರಾಜೆಕ್ಟಿನ ಹೆಸರನ್ನು ಕೀವರ್ಡ್ ಮಾಡಿಕೊಳ್ಳಿ.

ಕೊರತೆ ಇರುವುದು ಈ ಸೆಟ್ಟಿಂಗ್‌ಗಳು ಚೆಲ್ಲಾಪಿಲ್ಲಿ ಆಗಿರುವುದರಲ್ಲಿ. ಒಟ್ಟು ಖಾತೆಗೆ ಒಂದು ಕಡೆ, ಚಾನೆಲ್‌ಗೆ ಇನ್ನೊಂದು ಕಡೆ, ಥ್ರೆಡ್‌ಗೆ (ಒಂದು ಮೆಸೇಜಿನ ಕೆಳಗೆ ಬೆಳೆಯುವ ಉತ್ತರಗಳಿಗೆ) ಮತ್ತೊಂದು ಕಡೆ. ಡೆಸ್ಕ್‌ಟಾಪ್‌ನಲ್ಲಿ ಇಲ್ಲದಿದ್ದರೆ ಎಷ್ಟು ಹೊತ್ತಿನ ಮೇಲೆ ಮೊಬೈಲ್‌ಗೆ ಕಳಿಸಬೇಕು ಅನ್ನುವುದಕ್ಕೆ ಬೇರೆಯೇ ಒಂದು. ಇದರ ಮೇಲೆ ಫೋನಿನ ಸ್ವಂತ ಫೋಕಸ್ ಮೋಡ್. ಒಂದು ಮೆಸೇಜ್ ಯಾಕೆ ಸದ್ದು ಮಾಡಲಿಲ್ಲ ಅಂತ ಹುಡುಕುವುದು ನೀರಿನ ಪೈಪಿನಲ್ಲಿ ಯಾವ ವಾಲ್ವ್ ಮುಚ್ಚಿದೆ ಅಂತ ಹುಡುಕಿದ ಹಾಗೆ. 'ಈ ಮೆಸೇಜ್ ನನಗೆ ಯಾಕೆ ಬಂತು, ಯಾಕೆ ಬರಲಿಲ್ಲ' ಅಂತ ಹೇಳುವ ಒಂದು ಸಾಲು ಮೆಸೇಜಿನ ಪಕ್ಕದಲ್ಲೇ ಇದ್ದರೆ ಅಡ್ಮಿನ್‌ಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಕಮ್ಮಿಯಾಗುತ್ತಿತ್ತು.

ಫೈಲ್ ಅನುಮತಿಯ ಗೋಳು ಸ್ಲ್ಯಾಕ್‌ನದ್ದಲ್ಲ, ಆದರೂ ಅದು ಅಲ್ಲೇ ಕಾಣಿಸಿಕೊಳ್ಳುತ್ತದೆ. ಒಬ್ಬರು ಡಾಕ್ಯುಮೆಂಟ್ ಲಿಂಕ್ ಹಾಕುತ್ತಾರೆ, ಕೆಳಗೆ ಸಾಲಾಗಿ 'ಆಕ್ಸೆಸ್ ಇಲ್ಲ', 'ನನಗೂ ಇಲ್ಲ'. ಲಿಂಕ್ ಹಾಕಿದವರು ರಜೆ ಹೋಗಿರುತ್ತಾರೆ. ಗೂಗಲ್ ಡ್ರೈವ್ ಬಳಸುವವರಾದರೆ ತಂಡದ ಕಡತಗಳನ್ನು ಶೇರ್ಡ್ ಡ್ರೈವ್‌ನಲ್ಲಿಡಿ. ಅಲ್ಲಿ ಫೈಲ್ ತಂಡಕ್ಕೆ ಸೇರಿದ್ದು, ಒಬ್ಬರ ಖಾತೆಗೆ ಅಂಟಿಕೊಂಡಿರುವುದಿಲ್ಲ. ಅವರು ಕೆಲಸ ಬಿಟ್ಟರೂ ಫೈಲ್ ಅಲ್ಲೇ ಇರುತ್ತದೆ.

ಉಚಿತ ಪ್ಲಾನ್ ಬಗ್ಗೆ ಕೇಳುವವರು ಬಹಳ. 2022ರ ಸೆಪ್ಟೆಂಬರ್‌ನಿಂದ ಅದರಲ್ಲಿ ಹಿಂದಿನ 90 ದಿನದ ಮಾತು ಮಾತ್ರ ಕಾಣುತ್ತದೆ. 2024ರ ಆಗಸ್ಟ್‌ನಿಂದ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಯೇ ಬಿಡುತ್ತಾರೆ. ಗೆಸ್ಟ್ ಇಲ್ಲ, ಯೂಸರ್ ಗ್ರೂಪ್ ಇಲ್ಲ. ಅಂದರೆ ಮೇಲೆ ನಾನು ಹೊಗಳಿದ್ದರಲ್ಲಿ ಮುಖ್ಯವಾದದ್ದೇ ಇಲ್ಲ. ಹೊರಗಿನವರು ಬಂದುಹೋಗದ, ಎಲ್ಲರೂ ಎಲ್ಲವನ್ನೂ ನೋಡಬಹುದಾದ ಸಣ್ಣ ತಂಡಕ್ಕೆ ಅಷ್ಟು ಸಾಕು. ಹೊರಗಿನವರ ಜೊತೆ ಕೆಲಸ ಇದ್ದರೆ ಹಣ ಕೊಡುವ ಪ್ಲಾನ್ ತಗೊಳ್ಳಿ. ಇಲ್ಲವಾದರೆ ನಿಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ ಮ್ಯಾಟರ್‌ಮೋಸ್ಟ್ ಅಥವಾ ಝೂಲಿಪ್ ನೋಡಿ. ಝೂಲಿಪ್‌ನಲ್ಲಿ ಚಾನೆಲ್ ಒಳಗಿನ ಮಾತುಕತೆ ಟಾಪಿಕ್ ಪ್ರಕಾರ ಬೇರೆ ಬೇರೆ ಇರುತ್ತದೆ, ಬೇಡದ ಟಾಪಿಕ್ ಒಂದನ್ನೇ ಮ್ಯೂಟ್ ಮಾಡಬಹುದು. ಆ ಒಂದು ವಿಷಯದಲ್ಲಿ ಅದು ಸ್ಲ್ಯಾಕ್‌ಗಿಂತ ಮುಂದಿದೆ ಅಂತ ನನ್ನ ಅಭಿಪ್ರಾಯ.

ನನ್ನ ಲೆಕ್ಕದಲ್ಲಿ ಸ್ಲ್ಯಾಕ್‌ಗೆ 5ಕ್ಕೆ 4. ಗೆಸ್ಟ್ ಖಾತೆಯ ಕೊನೆಯ ದಿನಾಂಕ ಅದಕ್ಕೆ ಒಂದು ಅಂಕ ಹೆಚ್ಚು ತಂದುಕೊಟ್ಟಿತು, ಚದುರಿದ ಸೆಟ್ಟಿಂಗ್‌ಗಳು ಒಂದನ್ನು ಕಿತ್ತುಕೊಂಡವು.